ಜಪಾನಿನ ಚಾಕು ಕಪ್ಪಾಯಿತು, ಬಾಯಿ ಮುಕ್ಕಾಯಿತು. ಮೋಸ ಹೋದೆವಾ?

ಪ್ರಶ್ನೆ: ನಮ್ಮ ಮನೆ ಮಂಗಳೂರಿನಲ್ಲಿ. ಒಸಾಕಾದಲ್ಲಿ ಕೆಲಸ ಮಾಡುವ ಮಗ ರಜೆಗೆ ಬಂದಾಗ ಪಕ್ಕದ ಸಕಾಯ್ ಊರಿನಿಂದ ಒಂದು ಚಾಕು ತಂದುಕೊಟ್ಟ. ಕೈಯಿಂದ ಬಡಿದು ಮಾಡಿದ ಸಾಂತೊಕು (ತರಕಾರಿ, ಮಾಂಸ ಹೆಚ್ಚುವ ಜಪಾನಿ ಅಡುಗೆ ಚಾಕು), ಬಿಳಿ ಉಕ್ಕು ನಂಬರ್ 2 ಅಂದ. ನಮ್ಮ ದುಡ್ಡಿನಲ್ಲಿ 14,000 ರೂಪಾಯಿಯಂತೆ. ಮೊದಲ ವಾರ ಟೊಮೆಟೊ ಮೇಲೆ ಇಟ್ಟರೆ ಸಾಕು, ತಾನೇ ಇಳಿಯುತ್ತಿತ್ತು. ಆಮೇಲೆ ಬಾಳೆಕಾಯಿ ಹೆಚ್ಚಿದ ದಿನ ಅಲಗೆಲ್ಲ ಕಪ್ಪಾಯಿತು. ಮೂರನೇ ವಾರ ಹಿಡಿಯ ಹತ್ತಿರ ಕಿತ್ತಳೆ ಬಣ್ಣದ ಚುಕ್ಕೆಗಳು ಬಂದವು. ಮೊನ್ನೆ ತೆಂಗಿನಕಾಯಿಯನ್ನು ಚಿಪ್ಪಿನಿಂದ ಬಿಡಿಸಲು ಹೋದಾಗ ಬಾಯಿ ಒಂದು ಕಡೆ ಮುಕ್ಕಾಯಿತು. 150 ರೂಪಾಯಿಯ ಸ್ಟೀಲ್ ಚಾಕು ಹತ್ತು ವರ್ಷದಿಂದ ಇದೆ, ಅದಕ್ಕೆ ಏನೂ ಆಗಿಲ್ಲ. ಇದು ಡೂಪ್ಲಿಕೇಟಾ? ಸರಿ ಮಾಡಬಹುದಾ? ಬೀದಿಯಲ್ಲಿ ಬರುವ ಸಾಣೆಯವರಿಗೆ ಕೊಡಲಾ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಅದೇ ಅರ್ಜೆಂಟು. ಸಾಣೆಯವರಿಗೆ ಕೊಡಬೇಡಿ. ಅವರ ಕೈಚಳಕದ ಬಗ್ಗೆ ನನ್ನದೇನೂ ತಕರಾರಿಲ್ಲ, ನಿಮ್ಮ ಮೆಟ್ಟುಗತ್ತಿಗೆ, ಅಂದರೆ ಈಳಿಗೆಮಣೆಗೆ, ಅವರೇ ಸರಿ. ಆದರೆ ಅವರದು ಒಣ ಚಕ್ರ. ಕಿಡಿ ಹಾರುತ್ತದಲ್ಲ, ಆ ಬಿಸಿಯೇ ಸಮಸ್ಯೆ. ನಿಮ್ಮ ಚಾಕುವಿನ ಬಾಯಿ ತೀರಾ ತೆಳು. ಚಕ್ರ ತಾಗಿದ ಒಂದೆರಡು ಸೆಕೆಂಡಿನಲ್ಲಿ ಅಲ್ಲಿ ಬಿಸಿ 200 ಡಿಗ್ರಿ ದಾಟಿಬಿಡುತ್ತದೆ. ಕಮ್ಮಾರ ಈ ಉಕ್ಕಿಗೆ ಕೊನೆಯ ಹದ ಕೊಟ್ಟಿರುವುದು ಅದಕ್ಕಿಂತ ಕಡಿಮೆ ಬಿಸಿಯಲ್ಲಿ. ಅದನ್ನು ಮೀರಿದಷ್ಟೂ ಉಕ್ಕು ಮೆತ್ತಗಾಗುತ್ತಾ ಹೋಗುತ್ತದೆ. ಅಂಚಿನಲ್ಲಿ ನೀಲಿ ಛಾಯೆ ಕಂಡರೆ ಆ ಜಾಗ 300 ಡಿಗ್ರಿ ಹತ್ತಿರ ಹೋಗಿ ಬಂದಿದೆ ಅಂತ ಅರ್ಥ. ಆಮೇಲೆ ಎಷ್ಟು ಮಸೆದರೂ ಅಲ್ಲಿ ಹರಿತ ನಿಲ್ಲುವುದಿಲ್ಲ. ನನ್ನ ಮೊದಲ ಜಪಾನಿ ಚಾಕುವನ್ನು ನಾನೇ ಹೀಗೆ ಒಂದು ಅಂಗಡಿಯ ಗ್ರೈಂಡರಿಗೆ ಕೊಟ್ಟು ಕೆಡಿಸಿಕೊಂಡಿದ್ದೇನೆ. ಐದು ನಿಮಿಷದ ಕೆಲಸ, ಇಪ್ಪತ್ತು ರೂಪಾಯಿ, ಚಾಕು ಕೆಟ್ಟಿತು.

ಇನ್ನು ಡೂಪ್ಲಿಕೇಟಿನ ವಿಷಯ. ನನಗೆ ಹಾಗನ್ನಿಸುವುದಿಲ್ಲ. ಅಗ್ಗದ ಸ್ಟೇನ್‌ಲೆಸ್ ಕೊಟ್ಟು ಮೋಸ ಮಾಡಿದ್ದರೆ ಹೀಗೆ ಕಪ್ಪಾಗುತ್ತಿರಲಿಲ್ಲ. ನೀವು ಹೇಳಿದ ಮೂರು ದೂರುಗಳೇ ಅದು ನಿಜವಾದ ಕಾರ್ಬನ್ ಸ್ಟೀಲ್ ಅನ್ನುವುದಕ್ಕೆ ಸಾಕ್ಷಿ.

ಬಿಳಿ ಉಕ್ಕು ಅಂದರೆ ಉಕ್ಕಿನ ಬಣ್ಣ ಬಿಳಿ ಅಂತ ಅಲ್ಲ. ಜಪಾನಿನಲ್ಲಿ ಇದನ್ನು ಶಿರೊಗಾಮಿ ಅನ್ನುತ್ತಾರೆ, ಬಿಳಿ ಕಾಗದ ಅಂತ. ಶಿಮಾನೆ ಪ್ರಾಂತ್ಯದ ಯಾಸುಗಿ ಊರಿನ ಕಾರ್ಖಾನೆಯಲ್ಲಿ ಈ ಉಕ್ಕು ತಯಾರಾಗುತ್ತದೆ. ಮೊದಲು ಹಿಟಾಚಿ ಮೆಟಲ್ಸ್ ಅಂತಿದ್ದ ಕಂಪನಿ, 2023ರಿಂದ ಹೆಸರು ಪ್ರೊಟೀರಿಯಲ್. ಒಂದೊಂದು ಜಾತಿಯ ಉಕ್ಕಿಗೆ ಒಂದೊಂದು ಬಣ್ಣದ ಕಾಗದ ಸುತ್ತುತ್ತಿದ್ದರು, ಅದೇ ಹೆಸರು ನಿಂತಿತು. ನಂಬರ್ 2ರಲ್ಲಿ ಇಂಗಾಲ 1.05ರಿಂದ 1.15 ಶೇಕಡಾ. ಅದು ಬಿಟ್ಟರೆ ಹೆಚ್ಚು ಕಡಿಮೆ ಬರೀ ಕಬ್ಬಿಣ. ಇದಕ್ಕೇ ಸ್ವಲ್ಪ ಟಂಗ್‌ಸ್ಟನ್, ಸ್ವಲ್ಪ ಕ್ರೋಮಿಯಂ ಸೇರಿಸಿದರೆ ಆವೊಗಾಮಿ, ಅಂದರೆ ನೀಲಿ ಕಾಗದದ ಉಕ್ಕು. ಅದರ ಹರಿತ ಇನ್ನೂ ಸ್ವಲ್ಪ ದಿನ ಜಾಸ್ತಿ ನಿಲ್ಲುತ್ತದೆ. ಮಸೆಯುವುದು ಬಿಳಿಯದೇ ಸುಲಭ.

ನಿಮ್ಮ 150 ರೂಪಾಯಿಯ ಚಾಕುವಿನಲ್ಲಿ ಕ್ರೋಮಿಯಂ ಶೇಕಡಾ ಹನ್ನೆರಡು ಹದಿಮೂರು ಇರುತ್ತದೆ. ತುಕ್ಕು ಹಿಡಿಯದ ಹಾಗೆ ಕಾಯುವುದು ಅದೇ. ಆದರೆ ಅದರ ಉಕ್ಕು ಮೆತ್ತಗೆ. ಗಟ್ಟಿತನ ಅಳೆಯುವ ರಾಕ್‌ವೆಲ್ ಲೆಕ್ಕದಲ್ಲಿ ಅಂಥ ಚಾಕು 52ರಿಂದ 56ರ ಸುತ್ತ ಇದ್ದರೆ, ನಿಮ್ಮ ಸಾಂತೊಕು 61 ದಾಟಿರುತ್ತದೆ. ಮೆತ್ತನೆ ಉಕ್ಕಿಗೆ ಏಟು ಬಿದ್ದರೆ ಬಾಯಿ ಮಡಚುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಸುಮ್ನೆ ಮೊಂಡು ಅನ್ನಿಸುತ್ತದೆ. ಗಟ್ಟಿ ಉಕ್ಕು ಮಡಚುವುದಿಲ್ಲ, ಚೂರು ಹಾರುತ್ತದೆ. ಹತ್ತು ವರ್ಷ ಏನೂ ಆಗಿಲ್ಲ ಅಂದಿರಲ್ಲ, ಆ ಸ್ಟೀಲ್ ಚಾಕು ಹತ್ತು ವರ್ಷದಿಂದ ಮೊಂಡಾಗಿಯೇ ಇದೆ. ನಿಮಗೆ ಗೊತ್ತಾಗಿದ್ದು ಜಪಾನಿನದು ಮನೆಗೆ ಬಂದ ಮೇಲೆ, ಅಲ್ವಾ?

ನಿಮ್ಮ ಅಡುಗೆಮನೆಯಲ್ಲೇ ಇನ್ನೊಂದು ಕಾರ್ಬನ್ ಸ್ಟೀಲ್ ಇದೆ. ಮೆಟ್ಟುಗತ್ತಿ. ನಮ್ಮ ಕಡೆಯ ಕಮ್ಮಾರರು ಕತ್ತಿ ಮಾಡಲು ಹೆಚ್ಚಾಗಿ ಹಳೆ ಲಾರಿಯ ಸ್ಪ್ರಿಂಗ್ ಪ್ಲೇಟನ್ನೇ ಬಳಸುತ್ತಾರೆ. ಅದರಲ್ಲಿ ಇಂಗಾಲ ಅರ್ಧ ಶೇಕಡಾಕ್ಕಿಂತ ಸ್ವಲ್ಪ ಮೇಲೆ, ಅಂದರೆ ಶಿರೊಗಾಮಿಯ ಅರ್ಧ. ಲಾರಿಯ ಭಾರ ಹೊತ್ತು ಬಾಗಿ ಏಳಲಿಕ್ಕೆಂದೇ ಮಾಡಿದ ಉಕ್ಕು ಅದು. ತೆಂಗಿನಕಾಯಿ, ಹಲಸು, ಮೀನಿನ ತಲೆ ಎಲ್ಲ ತಡೆದುಕೊಳ್ಳುತ್ತದೆ. ಅದೂ ತುಕ್ಕು ಹಿಡಿಯುತ್ತದೆ, ಅದೂ ಕಪ್ಪಾಗುತ್ತದೆ. ಅಜ್ಜಿಯ ಕಾಲದಿಂದ ನೋಡಿ ಅಭ್ಯಾಸ ಆಗಿದ್ದಕ್ಕೆ ಯಾರೂ ಅದನ್ನು ಡೂಪ್ಲಿಕೇಟ್ ಅನ್ನುವುದಿಲ್ಲ. ಜಪಾನಿನ ಚಾಕು ಅದೇ ಮನೆತನದ್ದು. ಆದರೆ ನಯವಾಗಿ ಹೆಚ್ಚುವ ಕೆಲಸಕ್ಕೆ ಮಾತ್ರ ಹೇಳಿ ಮಾಡಿಸಿದ್ದು.

ಹೇಗೆ ಮಾಡುತ್ತಾರೆ ಅನ್ನುವುದು ಗೊತ್ತಿದ್ದರೆ ಹೇಗೆ ನೋಡಿಕೊಳ್ಳಬೇಕು ಅನ್ನುವುದು ಅರ್ಧ ತಾನಾಗಿಯೇ ತಿಳಿಯುತ್ತದೆ. ನಿಮ್ಮ ಚಾಕುವಿನ ಅಲಗನ್ನು ಬೆಳಕಿಗೆ ಹಿಡಿದು ನೋಡಿ. ಬಾಯಿಯಿಂದ ಸ್ವಲ್ಪ ಮೇಲೆ ಮಂಜು ಕವಿದ ಹಾಗೆ ಒಂದು ಗೆರೆ ಓಡುತ್ತದೆ. ಗೆರೆಯ ಕೆಳಗೆ ಕಾಣುವುದು ಗಟ್ಟಿ ಉಕ್ಕು, ಹಗಾನೆ. ಮೇಲೆ ಎರಡೂ ಬದಿಗೆ ಹೊದಿಸಿರುವುದು ಮೆದು ಕಬ್ಬಿಣ, ಜಿಗಾನೆ. ನಡುವಿನ ತೆಳು ಉಕ್ಕಿಗೆ ಎರಡೂ ಕಡೆ ಮೆತ್ತನೆಯ ಕಬ್ಬಿಣ, ಸ್ಯಾಂಡ್‌ವಿಚ್ ಹಾಗೆ. ಪೂರ್ತಿ ಗಟ್ಟಿ ಉಕ್ಕಿನಲ್ಲೇ ಮಾಡಿದರೆ ಬಿದ್ದರೆ ಮುರಿಯುತ್ತದೆ, ಮಸೆಯಲು ಜೀವ ಹೋಗುತ್ತದೆ. ಹಾಗೂ ಮಾಡುವವರಿದ್ದಾರೆ, ಹೊನ್ಯಾಕಿ ಅನ್ನುತ್ತಾರೆ. ಅದರ ಬೆಲೆ ಕೇಳಬೇಡಿ.

ಕುಲುಮೆಯಲ್ಲಿ ಉಕ್ಕು, ಕಬ್ಬಿಣ ಎರಡನ್ನೂ ಕಾಯಿಸಿ, ನಡುವೆ ಬಿಳಿಗಾರ ಬೆರೆತ ಪುಡಿ ಉದುರಿಸಿ, ಬಡಿದು ಒಂದು ಮಾಡುತ್ತಾರೆ. ಆಮೇಲೆ ಆಕಾರಕ್ಕೆ ತಂದು, ಹುಲ್ಲಿನ ಬೂದಿಯಲ್ಲಿ ಹೂತು ನಿಧಾನಕ್ಕೆ ಆರಲು ಬಿಡುತ್ತಾರೆ. ಕೊನೆಗೆ ಅಲಗಿಗೆ ಮಣ್ಣು ಬಳಿದು ಸುಮಾರು 780, 800 ಡಿಗ್ರಿಗೆ ಕಾಯಿಸಿ ನೀರಿಗೆ ಅದ್ದುತ್ತಾರೆ. ಆ ಹೊತ್ತಿಗೆ ಕುಲುಮೆಯ ಕೋಣೆ ಕತ್ತಲೆ ಇರಬೇಕು. ಬಿಸಿ ಎಷ್ಟಿದೆ ಅನ್ನುವುದನ್ನು ಕೆಂಡದ ಬಣ್ಣ ನೋಡಿಯೇ ಹೇಳಬೇಕು, ಬೆಳಕಿದ್ದರೆ ಕಣ್ಣು ಮೋಸ ಹೋಗುತ್ತದೆ. ಒಂದು ಛಾಯೆ ಜಾಸ್ತಿ ಆದರೆ ಉಕ್ಕು ಒರಟಾಗಿ ಪೆಡಸಾಗುತ್ತದೆ, ಕಡಿಮೆ ಆದರೆ ಗಟ್ಟಿಯಾಗುವುದೇ ಇಲ್ಲ. ನೀರಿನಿಂದ ತೆಗೆದ ಅಲಗು ಗಾಜಿನ ಹಾಗೆ ಇರುತ್ತದೆ. ಅದನ್ನು ಮತ್ತೆ ಸಣ್ಣಗೆ ಕಾಯಿಸಿ ಪೆಡಸುತನ ತೆಗೆಯುತ್ತಾರೆ. ಆ ಕೊನೆಯ ಸಣ್ಣ ಬಿಸಿಯನ್ನೇ ಸಾಣೆ ಚಕ್ರ ಹಾಳುಮಾಡುವುದು. ನಮ್ಮ ಕಮ್ಮಾರರೂ ಹದ ಹಾಕುವುದು ಅನ್ನುತ್ತಾರಲ್ಲ, ಅದೇ ವಿದ್ಯೆ.

ಸಕಾಯ್‌ನಲ್ಲಿ ಇದೆಲ್ಲ ಒಬ್ಬರೇ ಮಾಡುವುದಿಲ್ಲ. ಬಡಿಯುವವರು ಒಬ್ಬರು, ಬಾಯಿ ತೆಗೆಯುವವರು ಇನ್ನೊಬ್ಬರು, ಹಿಡಿ ಹಾಕುವವರು ಮತ್ತೊಬ್ಬರು. ಅಲಗಿನ ಮೇಲೆ ಕೊರೆದ ಹೆಸರು ಸಾಮಾನ್ಯವಾಗಿ ಕಮ್ಮಾರನದ್ದೂ ಅಲ್ಲ, ಮಾರುವ ಮನೆತನದ್ದು. ಈ ಊರು ಚಾಕುವಿಗೆ ಹೆಸರಾದ ಕಥೆ ಹೊಗೆಸೊಪ್ಪಿನದು. ನಮ್ಮ ಕಡೆಗೆ ಗೇರು ಮರ ತಂದರಲ್ಲ ಪೋರ್ಚುಗೀಸರು, ಅವರೇ 16ನೇ ಶತಮಾನದಲ್ಲಿ ಜಪಾನಿಗೆ ಹೊಗೆಸೊಪ್ಪು ತಂದರು. ಎಲೆಯನ್ನು ಕೂದಲಿನಷ್ಟು ಸಣ್ಣಗೆ ಹೆಚ್ಚುವ ಕತ್ತಿಯನ್ನು ಸಕಾಯ್ ಕಮ್ಮಾರರು ಮಾಡಿದರು. ಅದು ಎಷ್ಟು ಚೆನ್ನಾಗಿತ್ತೆಂದರೆ ಮುಂದೆ ಜಪಾನ್ ಆಳಿದ ತೊಕುಗಾವಾ ಸರ್ಕಾರವೇ ಅದಕ್ಕೆ ಮುದ್ರೆ ಹಾಕಿ ಮಾರಲು ಒಪ್ಪಿಗೆ ಕೊಟ್ಟಿತು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಅಂಗಡಿಯವರು ಸಮುರಾಯ್ ಖಡ್ಗದ ಉಕ್ಕು ಅಂತೆಲ್ಲ ಹೇಳಿದರೆ ನಕ್ಕು ಸುಮ್ಮನಾಗಿ. ಖಡ್ಗದ ಉಕ್ಕು ತಮಹಗಾನೆ, ಕಬ್ಬಿಣದ ಮರಳು ಮತ್ತು ಇದ್ದಿಲಿನಿಂದ ತೆಗೆಯುವುದು. ಅದು ಖಡ್ಗ ಮಾಡುವವರಿಗೇ ಸಾಲುವುದಿಲ್ಲ. ಅಡುಗೆ ಚಾಕುವಿಗೆ ಬರುವುದು ಕಾರ್ಖಾನೆಯ ಉಕ್ಕು, ಅದೇ ಒಳ್ಳೆಯದು, ಕಲ್ಮಶ ಕಡಿಮೆ. ಖಡ್ಗದ ವಿದ್ಯೆ ಚಾಕುವಿಗೆ ಇಳಿದು ಬಂದದ್ದು ಮಾತ್ರ ನಿಜ. 1876ರಲ್ಲಿ ಖಡ್ಗ ಕಟ್ಟಿಕೊಂಡು ಓಡಾಡುವುದನ್ನು ಸರ್ಕಾರ ನಿಷೇಧಿಸಿದ ಮೇಲೆ ಎಷ್ಟೋ ಕಮ್ಮಾರರು ಚಾಕು, ಕುಡುಗೋಲಿನ ಕಡೆ ತಿರುಗಿದರು. ಕೈಯಿಂದ ಬಡಿದದ್ದು ಅನ್ನುವುದನ್ನೂ ಸ್ವಲ್ಪ ಸಡಿಲವಾಗಿ ತಗೊಳ್ಳಿ. ಹೆಚ್ಚಿನ ಕುಲುಮೆಗಳಲ್ಲಿ ಕರೆಂಟಿನ ಸುತ್ತಿಗೆ ಇದೆ. ಎಲ್ಲಿ ಬಡಿಯಬೇಕು, ಯಾವಾಗ ನಿಲ್ಲಿಸಬೇಕು ಅನ್ನುವುದು ಮಾತ್ರ ಕೈ ಮತ್ತು ಕಣ್ಣಿನ ಕೆಲಸ. ನನಗೆ ಅದರಲ್ಲಿ ಮೋಸ ಏನೂ ಕಾಣುವುದಿಲ್ಲ.

ಈಗ ಕಪ್ಪಿನ ವಿಷಯ. ಕಪ್ಪು ಬೇರೆ, ಕಿತ್ತಳೆ ಬೇರೆ.

ಒಗರು ಇರುವುದೆಲ್ಲ ಕಬ್ಬಿಣವನ್ನು ಕಪ್ಪು ಮಾಡುತ್ತದೆ. ಬಾಳೆಕಾಯಿ, ಬಾಳೆದಿಂಡು, ಗುಳ್ಳ ಬದನೆ, ಮಾವಿನ ಮಿಡಿ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ನಿಮ್ಮ ಅಲಗಿನ ಮೇಲೆ ಆಗಿದ್ದೂ ಅದೇ. ಹುಳಿ, ಈರುಳ್ಳಿ, ಮಾಂಸ ತಾಗಿದಾಗಲೂ ಬೂದು, ನೀಲಿ, ನೇರಳೆ ಬಣ್ಣಗಳು ಬರುತ್ತವೆ. ಈ ತೆಳು ಪದರ ಅಲಗಿಗೆ ಅಂಟಿಕೊಂಡು ಕೂತು, ಕಿತ್ತಳೆ ತುಕ್ಕು ಅಷ್ಟು ಸುಲಭಕ್ಕೆ ಬಾರದ ಹಾಗೆ ತಡೆಯುತ್ತದೆ. ಕಬ್ಬಿಣದ ಕಾವಲಿ ಪಳಗುತ್ತದಲ್ಲ, ಚಾಕೂ ಹಾಗೇ ಪಳಗಬೇಕು. ಹಾಗಾಗಿ ಕಪ್ಪನ್ನು ಉಜ್ಜಿ ತೆಗೆಯಬೇಡಿ. ಮೊದಲ ಎರಡು ಮೂರು ವಾರ ಈರುಳ್ಳಿಗೆ ಸ್ವಲ್ಪ ಕಂದು ಬಣ್ಣ, ಲೋಹದ ವಾಸನೆ ಬರಬಹುದು. ಅದು ಹೆಚ್ಚಾಗಿ ಬದಿಯ ಮೆದು ಕಬ್ಬಿಣದಿಂದ. ಪಳಗಿದ ಮೇಲೆ ನಿಲ್ಲುತ್ತದೆ. ಬೇಗ ಪಳಗಲಿ ಅಂತ ಕೆಲವರು ಬಿಸಿ ವಿನೆಗರಿನಲ್ಲಿ ಅದ್ದುತ್ತಾರೆ. ನನಗೆ ಅದು ಇಷ್ಟವಿಲ್ಲ. ದಿನಾ ಅಡುಗೆ ಮಾಡುವ ಮನೆಯಲ್ಲಿ ಒಂದು ತಿಂಗಳು ಸಾಕು.

ಕಿತ್ತಳೆ ಬಣ್ಣ ಮಾತ್ರ ಬಿಡಬಾರದು. ಅದು ಪುಡಿಪುಡಿಯಾಗಿ ಒಳಕ್ಕೆ ತಿನ್ನುತ್ತಾ ಹೋಗುತ್ತದೆ. ಅಡುಗೆ ಸೋಡಾಕ್ಕೆ ನಾಲ್ಕು ಹನಿ ನೀರು ಹಾಕಿ ಕಲಸಿ, ಬಾಟಲಿಯ ಬಿರಡೆಯಿಂದ ಅಲಗಿನ ಉದ್ದಕ್ಕೆ ತಿಕ್ಕಿ. ಜಪಾನಿನ ಅಡುಗೆಯವರು ಮೂಲಂಗಿಯ ತಲೆ ಕತ್ತರಿಸಿ ಅದಕ್ಕೆ ಪುಡಿ ಹಚ್ಚಿ ಉಜ್ಜುತ್ತಾರೆ. ನಿಮಗೆ ಸಾಂಬಾರಿನ ದಿನ ಅದೂ ಸಿಗುತ್ತದೆ. ಹಿತ್ತಾಳೆ ಪಾತ್ರೆಗೆ ಉಜ್ಜುವ ಹುಣಸೆಹಣ್ಣು ಇಲ್ಲಿ ಬೇಡ. ತುಕ್ಕು ಹೋಗುತ್ತದೆ ನಿಜ, ಜೊತೆಗೆ ಪಳಗಿದ ಪದರವೂ ಹೋಗಿ ಅರ್ಧ ಗಂಟೆಯಲ್ಲಿ ಹೊಸ ತುಕ್ಕು ಬರುತ್ತದೆ. ಕೈ ತಪ್ಪೀತು, ಬಾಯಿಯ ಕಡೆಯಿಂದ ಬೆನ್ನಿನ ಕಡೆಗೆ ತಿಕ್ಕಬೇಡಿ.

ಚುಕ್ಕೆ ಹಿಡಿಯ ಹತ್ತಿರವೇ ಬಂದದ್ದು ಯಾಕೆ ಗೊತ್ತಾ? ಒರೆಸುವಾಗ ಎಲ್ಲರೂ ಅಲಗನ್ನು ಒರೆಸುತ್ತಾರೆ, ಕುತ್ತಿಗೆಯನ್ನು ಬಿಟ್ಟುಬಿಡುತ್ತಾರೆ. ಹಿಡಿಯ ಮರ ನೀರು ಕುಡಿದಿದ್ದರೆ ಒಳಗೆ ಸೇರಿದ ಕಬ್ಬಿಣದ ಬಾಲಕ್ಕೂ ತುಕ್ಕು ಹಿಡಿಯುತ್ತದೆ, ಅದು ಹೊರಗೆ ಕಾಣುವುದಿಲ್ಲ. ಹಾಗಾಗಿ ಸಿಂಕಿನಲ್ಲಿ ನೆನೆ ಹಾಕುವುದು, ಡಿಶ್‌ವಾಷರ್ ಎರಡೂ ಪೂರ್ತಿ ಬಂದ್. ಕೆಲಸ ಮುಗಿದ ತಕ್ಷಣ ತೊಳೆಯಿರಿ, ಅಲಗಿನ ಮೇಲೆ ಮಾತ್ರ ಬಿಸಿ ನೀರು ಸುರಿಯಿರಿ, ಒಣ ಬಟ್ಟೆಯಲ್ಲಿ ಒರೆಸಿ. ಬಿಸಿಗೆ ಉಳಿದ ತೇವ ತಾನೇ ಆರುತ್ತದೆ. ಲಿಂಬೆ, ಟೊಮೆಟೊ ಹೆಚ್ಚುವಾಗ ನಡುನಡುವೆ ಒಮ್ಮೆ ಒರೆಸಿಕೊಂಡರೆ ಒಳ್ಳೆಯದು. ಪಕ್ಕದಲ್ಲಿ ಒಂದು ಬಟ್ಟೆ ಇಟ್ಟುಕೊಳ್ಳುವ ಅಭ್ಯಾಸ ಆದರೆ ಆಮೇಲೆ ಕಷ್ಟ ಅನ್ನಿಸುವುದಿಲ್ಲ.

ಮಂಗಳೂರಿನ ಮಳೆಗಾಲ ಬೇರೆ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು, ಜೊತೆಗೆ ಕಡಲಿನ ಉಪ್ಪು. ಎರಡು ದಿನ ಬಳಸುವುದಿಲ್ಲ ಅಂದರೆ ಎಣ್ಣೆ ಸವರಿ ಇಡಿ. ಜಪಾನಿನಲ್ಲಿ ತ್ಸುಬಾಕಿ (ಕ್ಯಾಮೆಲಿಯಾ ಗಿಡ) ಬೀಜದ ಎಣ್ಣೆ ಹಚ್ಚುತ್ತಾರೆ, ನಿಮಗೆ ತೆಂಗಿನೆಣ್ಣೆ ಧಾರಾಳವಾಗಿ ಸಾಕು. ಸೂರ್ಯಕಾಂತಿ ಎಣ್ಣೆ ಬೇಡ, ಕೆಲವು ದಿನಕ್ಕೆ ಗೋಂದಿನ ಹಾಗೆ ಅಂಟು ಕಟ್ಟುತ್ತದೆ. ಮಗ ತಂದ ರಟ್ಟಿನ ಪೆಟ್ಟಿಗೆ ಚೆಂದ ಇರಬಹುದು, ಅದರಲ್ಲಿ ಇಡಬೇಡಿ, ರಟ್ಟು ತೇವ ಹಿಡಿದುಕೊಳ್ಳುತ್ತದೆ. ಆಯುಧ ಪೂಜೆಗೆ ಚಾಕುವನ್ನೂ ಇಡುವ ಮನೆಯಾದರೆ, ಒದ್ದೆ ಕುಂಕುಮ ಹಚ್ಚಿ ರಾತ್ರಿಯೆಲ್ಲ ಬಿಟ್ಟರೆ ಬೆಳಿಗ್ಗೆ ಬೊಟ್ಟಿನ ಆಕಾರದ ತುಕ್ಕು ಸಿಗುತ್ತದೆ. ಹಿಡಿಗೆ ಹಚ್ಚಿ. ಅಂದಹಾಗೆ ಅಲ್ಲಿಯ ಕಮ್ಮಾರರಿಗೂ ಇಂಥ ಒಂದು ಹಬ್ಬ ಇದೆ, ನವೆಂಬರ್ 8ಕ್ಕೆ ತಿದಿಯ ಪೂಜೆ ಮಾಡುತ್ತಾರೆ.

ಮುಕ್ಕಿಗೆ ಬರೋಣ. ಅದಕ್ಕೆ ಮುಂಚೆ ಇನ್ನು ಮುಂದೆ ಏನು ಹೆಚ್ಚಬಾರದು ಅನ್ನುವುದು. ತೆಂಗಿನ ಚಿಪ್ಪು, ಮೂಳೆ, ಫ್ರೀಜರಿನಿಂದ ತೆಗೆದದ್ದು, ಒಣಗಿದ ಬೆಲ್ಲದ ಅಚ್ಚು, ಹಲಸಿನ ಹೊರಸಿಪ್ಪೆ, ಗಟ್ಟಿ ಸಿಹಿಗುಂಬಳ. ಬಾಯಿ ಹಾರುವುದು ಹೆಚ್ಚಾಗಿ ಒತ್ತುವುದರಿಂದಲ್ಲ, ತಿರುಚುವುದರಿಂದ. ತೆಂಗಿನಕಾಯಿ ಬಿಡಿಸುವಾಗ ನೀವು ಮಾಡಿದ್ದು ಅದನ್ನೇ, ಚಾಕುವನ್ನು ಮೀಟುಗೋಲು ಮಾಡಿದಿರಿ. ಬಂಗುಡೆ ಬೂತಾಯಿ ತಲೆ ತೆಗೆಯಲೂ ಸಾಂತೊಕು ಬೇಡ. ಅದಕ್ಕೆ ಅಲ್ಲಿ ದೆಬಾ ಅಂತ ದಪ್ಪ ಬೆನ್ನಿನ ಚಾಕುವೇ ಬೇರೆ ಇದೆ. ನಿಮಗೆ ದೆಬಾ ಯಾಕೆ, ಮೆಟ್ಟುಗತ್ತಿ ಇದೆಯಲ್ಲ. ಗ್ರಾನೈಟ್ ಕಟ್ಟೆಯ ಮೇಲೆ, ಸ್ಟೀಲ್ ತಟ್ಟೆಯಲ್ಲಿ ಇಟ್ಟು ಹೆಚ್ಚುವುದೂ ಇನ್ನು ನಿಲ್ಲಬೇಕು. ಮರದ ಮಣೆ ತಗೊಳ್ಳಿ. ಹೆಚ್ಚಿದ್ದನ್ನು ಒಟ್ಟು ಮಾಡುವಾಗ ಚಾಕು ತಿರುಗಿಸಿ ಬೆನ್ನಿನಿಂದ ಬಳಿಯಿರಿ.

ಮುಕ್ಕು ಒಂದು ಮಿಲಿಮೀಟರಿಗಿಂತ ಕಡಿಮೆ ಆಳ ಇದ್ದರೆ ಮನೆಯಲ್ಲೇ ಆಗುತ್ತದೆ. ಎರಡು ಕಲ್ಲು ಬೇಕು. ಮುಕ್ಕು ತೆಗೆಯಲು 400 ನಂಬರಿನ ಒರಟು ಕಲ್ಲು, ಹರಿತಕ್ಕೆ 1000. ಇನ್ನೂ ಆಸೆ ಇದ್ದರೆ 3000ದ್ದು ಆಮೇಲೆ ನೋಡೋಣ. ನೆನೆಸುವ ಜಾತಿಯ ಕಲ್ಲಾದರೆ ಹತ್ತು ಹದಿನೈದು ನಿಮಿಷ ನೀರಿನಲ್ಲಿಡಿ, ಗುಳ್ಳೆ ಬರುವುದು ನಿಲ್ಲಲಿ. ಕೆಳಗೆ ಒದ್ದೆ ಬಟ್ಟೆ ಹಾಸಿ, ಕಲ್ಲು ಜಾರಬಾರದು.

ಎಲ್ಲರೂ ಕೇಳುವುದು ಕೋನ ಎಷ್ಟು ಅಂತ. ಸಾಂತೊಕುವಿನ ಅಲಗಿನ ಅಗಲ ಸುಮಾರು 46 ಮಿಲಿಮೀಟರ್. 15 ಡಿಗ್ರಿ ಬೇಕೆಂದರೆ ಬೆನ್ನು ಕಲ್ಲಿನಿಂದ 12 ಮಿಲಿಮೀಟರ್ ಏಳಬೇಕು. ಹೆಚ್ಚು ಕಡಿಮೆ ಕಿರುಬೆರಳು ಅಡಿಗೆ ಹೋಗುವಷ್ಟು. ಡಿಗ್ರಿಗಿಂತ ಮುಖ್ಯ, ಆ ಎತ್ತರ ಕೊನೆಯವರೆಗೂ ಬದಲಾಗಬಾರದು. ಕೈ ಓಲಾಡಿದರೆ ಬಾಯಿ ಉರುಟಾಗುತ್ತದೆ.

ಒರಟು ಕಲ್ಲಿನ ಮೇಲೆ ಮುಕ್ಕಾದ ಜಾಗವನ್ನು ಮಾತ್ರ ಉಜ್ಜುವ ಆಸೆ ಆಗುತ್ತದೆ. ಬೇಡ, ಅಲ್ಲಿ ಹೊಂಡ ಬೀಳುತ್ತದೆ. ಹಿಡಿಯ ಪಕ್ಕದ ಹಿಮ್ಮಡಿಯಿಂದ ತುದಿಯವರೆಗೆ ಪೂರ್ತಿ ಬಾಯಿಯನ್ನು ಸಮನಾಗಿ ತಗ್ಗಿಸಬೇಕು. ಎರಡೂ ಬದಿಗೆ, ಬದಲಿಸಿ ಬದಲಿಸಿ. ಅರ್ಧ ಗಂಟೆ, ಮುಕ್ಕಾಲು ಗಂಟೆ ಹಿಡಿಯಬಹುದು, ರೇಡಿಯೊ ಹಾಕಿಕೊಳ್ಳಿ. ಕಲ್ಲಿನ ಮೇಲೆ ಬರುವ ಕಪ್ಪು ಕೆಸರನ್ನು ತೊಳೆಯಬೇಡಿ, ಮಸೆಯುವುದರಲ್ಲಿ ಅದಕ್ಕೂ ಪಾಲಿದೆ. ಮುಕ್ಕು ಕಾಣದಾದ ಮೇಲೆ 1000ದ ಕಲ್ಲು. ಒಂದು ಬದಿ ಮಸೆದು, ಇನ್ನೊಂದು ಬದಿಯಲ್ಲಿ ಬೆರಳನ್ನು ಬೆನ್ನಿನಿಂದ ಬಾಯಿಯ ಹೊರಗೆ ಮೆಲ್ಲಗೆ ಎಳೆದು ನೋಡಿ. ಉದ್ದಕ್ಕೂ ಸಣ್ಣ ಮುಳ್ಳಿನ ಹಾಗೆ ತರಚಿದರೆ ಆ ಬದಿ ಆಯಿತು. ಈ ಮುಳ್ಳು ಬರದೆ ಬದಿ ಬದಲಿಸುವುದೇ ಹೊಸಬರು ಮಾಡುವ ತಪ್ಪು, ನಾನೂ ಒಂದು ವರ್ಷ ಅದನ್ನೇ ಮಾಡಿದ್ದೇನೆ. ಎರಡೂ ಬದಿ ಮುಗಿದ ಮೇಲೆ ಒತ್ತಡ ಕಡಿಮೆ ಮಾಡುತ್ತಾ ನಾಲ್ಕಾರು ಸಲ ಎಳೆದು, ಕೊನೆಗೆ ಮಡಚಿದ ಪೇಪರಿನ ಮೇಲೆ ಬಾಯಿ ಹಿಂದಿರುವಂತೆ ಎಳೆಯಿರಿ, ಮುಳ್ಳು ಉದುರುತ್ತದೆ. ಟೊಮೆಟೊ ತಗೊಳ್ಳಿ. ಮೊದಲ ವಾರದ ಹಾಗೆ ಇಳಿಯದಿದ್ದರೆ ಮತ್ತೆ 1000ದ ಕಲ್ಲಿಗೆ.

ಮಾಂಸದ ಅಂಗಡಿಯವರು ತಿಕ್ಕುವ ಉಕ್ಕಿನ ಸಲಾಕೆ ಈ ಚಾಕುವಿಗೆ ಆಗುವುದಿಲ್ಲ. ಅದು ಮಡಚಿದ ಬಾಯಿಯನ್ನು ನೆಟ್ಟಗೆ ಮಾಡುವ ಸಾಧನ. ಇದು ಮಡಚುವುದೇ ಇಲ್ಲ, ಇನ್ನಷ್ಟು ಚೂರು ಹಾರುತ್ತದೆ. ಎಳೆಯುವ ಪ್ಲಾಸ್ಟಿಕ್ ಶಾರ್ಪನರೂ ಅಷ್ಟೆ.

ಇಷ್ಟೆಲ್ಲ ಯಾರು ಮಾಡುತ್ತಾರೆ ಅನ್ನಿಸಿದರೆ ತಪ್ಪೇನಿಲ್ಲ. ಮಗ ತರುವ ಮುಂಚೆ ನನ್ನನ್ನು ಕೇಳಿದ್ದರೆ, ಸಮುದ್ರದ ಪಕ್ಕದ ಮನೆಗೆ ನಡುವೆ ಕಾರ್ಬನ್, ಬದಿಗಳಿಗೆ ಸ್ಟೇನ್‌ಲೆಸ್ ಹೊದಿಸಿದ್ದನ್ನು ತಗೊಳ್ಳಿ ಅನ್ನುತ್ತಿದ್ದೆ. ಅದರಲ್ಲಿ ಕೆಳಗಿನ ಸಣ್ಣ ಅಂಚು ಮಾತ್ರ ಕಪ್ಪಾಗುತ್ತದೆ, ಕಾಳಜಿ ಅರ್ಧಕ್ಕರ್ಧ ಇಳಿಯುತ್ತದೆ. ಆದರೆ ಬಂದದ್ದು ಇದು, ಮತ್ತೆ ಇದು ಒಳ್ಳೆಯ ಚಾಕು. ಸೊಪ್ಪು, ತರಕಾರಿ, ಮೂಳೆ ಇಲ್ಲದ ಕೋಳಿ, ಹಣ್ಣು, ಈ ನಾಲ್ಕಕ್ಕೆ ಇಟ್ಟುಕೊಳ್ಳಿ. ಮನೆಯಲ್ಲಿ ಬೇರೆಯವರಿಗೂ ಹೇಳಿ. ಇಂಥ ಚಾಕುಗಳ ಬಾಯಿ ಹಾರಿಸುವುದು ಹೆಚ್ಚಾಗಿ ಪಾರ್ಸೆಲ್ ಬಿಚ್ಚಲು ಬಂದ ಗಂಡಸರೇ.

ಮುಕ್ಕು ಒಂದು ಮಿಲಿಮೀಟರಿಗಿಂತ ಆಳ ಇದ್ದರೆ ಮಾತ್ರ ನೀವು ಕೈ ಹಾಕಬೇಡಿ. ಅಷ್ಟು ಮೇಲಕ್ಕೆ ಹೋದರೆ ಬಾಯಿಯ ಹಿಂದಿನ ಭಾಗ ದಪ್ಪವಾಗುತ್ತದೆ, ಬದಿಗಳನ್ನೂ ತೆಳು ಮಾಡಬೇಕಾಗುತ್ತದೆ, ಅದು ಕೈ ಪಳಗಿದವರ ಕೆಲಸ. ಮಗ ಮುಂದಿನ ಸಲ ಬಂದಾಗ ವಾಪಸ್ ಕೊಟ್ಟು ಕಳಿಸಿ. ಸಕಾಯ್‌ನ ಅಂಗಡಿಗಳಲ್ಲಿ ತಾವು ಮಾರಿದ ಚಾಕುವನ್ನು ರಿಪೇರಿಗೆ ತೆಗೆದುಕೊಳ್ಳುವುದು ಮಾಮೂಲು. ಅಲ್ಲಿಯವರೆಗೆ ಎಣ್ಣೆ ಸವರಿ, ಬಾಯಿಗೆ ರಟ್ಟಿನ ಬದಲು ದಪ್ಪ ಪ್ಲಾಸ್ಟಿಕ್ ಮಡಚಿ ಹಾಕಿಡಿ. ವಿಮಾನದಲ್ಲಿ ಚೆಕ್-ಇನ್ ಬ್ಯಾಗಿನಲ್ಲೇ ಹಾಕಲು ಹೇಳಿ, ಕೈಚೀಲದಲ್ಲಿಟ್ಟರೆ ಸೆಕ್ಯುರಿಟಿಯವರು ತೆಗೆಸುತ್ತಾರೆ.